ಘಾಟಿಗೆಂದು ಬಂದದ್ದಲ್ಲ ಟರ್ಬೊ

ಆಗುಂಬೆ, ಹುಲಿಕಲ್ ಘಾಟಿಗಳನ್ನು ಹತ್ತಲೆಂದೇ ಮಲೆನಾಡಿನ ಬಸ್ಸುಗಳಿಗೆ ಟರ್ಬೊ ಬಂತು ಎಂಬ ಮಾತು ಕೇಳಲು ಚೆನ್ನಾಗಿದೆ. ಎತ್ತರದಲ್ಲಿ ಗಾಳಿ ತೆಳು, ತೆಳು ಗಾಳಿಗೆ ಟರ್ಬೊ ಮದ್ದು ಎಂಬುದು ಅದರ ತರ್ಕ. ವಿಮಾನದ ಮಟ್ಟಿಗೆ ಇದು ದಿಟವೇ. 1918ರಲ್ಲಿ ಅಮೆರಿಕದ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್ ಟರ್ಬೊ ಜೋಡಿಸಿದ ವಿಮಾನದ ಎಂಜಿನ್ನನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕಿಗೆ ಹೊತ್ತೊಯ್ದು ಪರೀಕ್ಷಿಸಿದ್ದು ಇದಕ್ಕಾಗಿಯೇ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಇರುವುದು 600 ಮೀಟರ್ ಆಸುಪಾಸಿನಲ್ಲಿ. ಅಲ್ಲಿ ಗಾಳಿಯ ಸಾಂದ್ರತೆ ಇಳಿಯುವುದು ಶೇಕಡ 6ರಷ್ಟು ಮಾತ್ರ. ಘಾಟಿಯ ನಿಜವಾದ ತೊಡಕು ಭಾರ. 10 ಟನ್ ಬಸ್ಸನ್ನು 500 ಮೀಟರ್ ಮೇಲೆತ್ತಲು, 100 ಅಶ್ವಶಕ್ತಿಯನ್ನು ಪೂರ್ತಿ ಅದಕ್ಕೇ ಸುರಿದರೂ, 11 ನಿಮಿಷ ಬೇಕು.

ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲಿನ ಗ್ಯಾಸಿನಲ್ಲಿ ಏದುಸಿರು ಬಿಡುತ್ತಾ ಓಡಿದ ಬಸ್ಸುಗಳಿಗೂ, ಆಮೇಲಿನ ಟರ್ಬೊ ಇಲ್ಲದ ಡೀಸೆಲ್ ಗಾಡಿಗಳಿಗೂ ಇದೇ ಲೆಕ್ಕ. ಡೀಸೆಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಸೈಲೆನ್ಸರಿನಲ್ಲಿ ಹೊಗೆಯ ಜೊತೆ ಹೋಗಿಬಿಡುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಟರ್ಬೊಗೆ ಪೇಟೆಂಟ್ ಪಡೆದದ್ದು ಆ ಪೋಲಿನ ಮೇಲೆ ಕಣ್ಣಿಟ್ಟೇ: ಹೊರಹೋಗುವ ಹೊಗೆ ಒಂದು ಚಕ್ರವನ್ನು ತಿರುಗಿಸಬೇಕು, ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬಬೇಕು. ಗಾಳಿ ಹೆಚ್ಚಿದರೆ ಹೆಚ್ಚು ಡೀಸೆಲ್ ಪೂರ್ತಿ ಉರಿಯುತ್ತದೆ, ಕರಿಹೊಗೆ ಇಳಿಯುತ್ತದೆ. ನಮ್ಮ ಬಸ್ಸು ಲಾರಿಗಳಿಗೆ ಟರ್ಬೊವನ್ನು ಕಡ್ಡಾಯವೆಂಬಂತೆ ತಂದದ್ದು ಈ ಕೊನೆಯ ಗುಣ. 2000ದಿಂದ ಬಿಗಿಯಾಗುತ್ತಾ 2020ರ ಬಿಎಸ್-6ರವರೆಗೆ ಬಂದ ಹೊಗೆ ನಿಯಮಗಳು ಹುಟ್ಟಿದ್ದು ಮಹಾನಗರಗಳ ಕೆಟ್ಟ ಗಾಳಿಗೆ ಹೆದರಿ. ಆಗುಂಬೆಯ ಏರು ಅವುಗಳ ಲೆಕ್ಕದಲ್ಲೇ ಇರಲಿಲ್ಲ.

ಹಾಗಾದರೆ ಟರ್ಬೊ ಗಾಡಿ ಏರನ್ನು ಸಲೀಸಾಗಿ ಹತ್ತುತ್ತದೆ ಎಂದು ಡ್ರೈವರುಗಳು ಹೇಳುವುದು ಸುಳ್ಳೇ? ಖಂಡಿತ ಅಲ್ಲ, ನಗರದ ಹೊಗೆಗೆ ಮಾಡಿದ ಮದ್ದಿನ ಲಾಭ ಘಾಟಿಗೂ ಸಿಕ್ಕಿತು, ಆದರೆ ಅರೆಬರೆಯಾಗಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ನಿಂತೇಹೋಗುವಷ್ಟು ನಿಧಾನವಾಗುತ್ತದೆ, ಎಂಜಿನ್ನಿನ ವೇಗ ಇಳಿಯುತ್ತದೆ. ಹೊಗೆಯ ರಭಸ ಕುಗ್ಗಿದರೆ ಟರ್ಬೊ ಮಂಕು, ಆಕ್ಸಿಲರೇಟರ್ ತುಳಿದರೂ ಪಿಕಪ್ ಬರಲು ತುಸು ಹೊತ್ತು ಬೇಕು. ತಿರುವಿಗೆ ಮೊದಲೇ ಗೇರ್ ಇಳಿಸಿದವನಿಗಷ್ಟೇ ಅದು ಒದಗುತ್ತದೆ. ಆ ಮಟ್ಟಿಗೆ ಹಳೆಯ ಡ್ರೈವರುಗಳ ಎಡಗೈ ವಿದ್ಯೆ ಹಳತಾಗಿಲ್ಲ. ಘಾಟಿಯ ಬುಡದ ಸೋಮೇಶ್ವರಕ್ಕೆ ಇಳಿಯುವಾಗಲಂತೂ ಟರ್ಬೊದಿಂದ ಹೆಚ್ಚೇನೂ ಸಹಾಯವಿಲ್ಲ. ಅದರ ಬಲ ನಂಬಿ ಎಂಜಿನ್ನಿನ ಗಾತ್ರವನ್ನೇ ಕುಗ್ಗಿಸಿದ್ದರೆ, ಗಾಡಿಯನ್ನು ಗೇರಿನಲ್ಲೇ ತಡೆದು ಹಿಡಿಯುವ ಶಕ್ತಿಯೂ ಅಷ್ಟು ಕಡಿಮೆ.