ಫ್ಯಾಂಟಸಿ ವಿಡಿಯೊ ಗೇಮ್‌ಗಳಲ್ಲಿ ಸ್ಟೀಮ್‌ಪಂಕ್

ಸ್ಟೀಮ್‌ಪಂಕ್ ಎಂಬುದು ಹತ್ತೊಂಬತ್ತನೆಯ ಶತಮಾನದ ಉಗಿಯಂತ್ರಗಳ ಯುಗವನ್ನು ಆಧಾರವಾಗಿಟ್ಟುಕೊಂಡು ಕಲ್ಪಿತ ಲೋಕಗಳನ್ನು ಕಟ್ಟುವ ಒಂದು ಪ್ರಕಾರ. ವೈಜ್ಞಾನಿಕ ಕಥಾಸಾಹಿತ್ಯದ ಕವಲಾಗಿ ಹುಟ್ಟಿದ ಇದು ಮುಂದೆ ಕಾಮಿಕ್ಸ್, ಚಲನಚಿತ್ರ ಹಾಗೂ ವಿಡಿಯೊ ಗೇಮ್‌ಗಳಿಗೆ ಹರಡಿತು. ಫ್ಯಾಂಟಸಿ ಗೇಮ್‌ಗಳಲ್ಲಿ ಉಗಿಯಂತ್ರದ ಜೊತೆಗೆ ಮಂತ್ರವಿದ್ಯೆಯೂ ಇರುತ್ತದೆ. ಹಲ್ಲುಚಕ್ರ, ಹಿತ್ತಾಳೆಯ ಕೊಳವೆ, ವಾಯುನೌಕೆ ಮುಂತಾದವು ಈ ಪ್ರಕಾರದ ಹೊರಗುರುತುಗಳು. ಯಂತ್ರ ಮತ್ತು ಮಂತ್ರ ಒಂದೇ ಲೋಕದಲ್ಲಿ ಯಾವ ನಿಯಮಕ್ಕೆ ಒಳಪಟ್ಟಿವೆ, ಅವುಗಳ ಬಳಕೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಇದರ ಮುಖ್ಯ ಲಕ್ಷಣ.

ಪದದ ಮೂಲ

ಅಮೆರಿಕದ ಲೇಖಕ ಕೆ. ಡಬ್ಲ್ಯೂ. ಜೀಟರ್ ಅವರು 1987ರಲ್ಲಿ 'ಲೋಕಸ್' ಪತ್ರಿಕೆಗೆ ಬರೆದ ಪತ್ರವೊಂದರಲ್ಲಿ ಈ ಹೆಸರನ್ನು ಬಳಸಿದರು. ತಾವು, ಟಿಮ್ ಪವರ್ಸ್ ಮತ್ತು ಜೇಮ್ಸ್ ಬ್ಲೇಲಾಕ್ ಬರೆಯುತ್ತಿದ್ದ ವಿಕ್ಟೋರಿಯಾ ಕಾಲದ ಕಲ್ಪನಾಕಥೆಗಳನ್ನು ಗುರುತಿಸಲು, ಆಗ ಪ್ರಚಲಿತವಾಗಿದ್ದ 'ಸೈಬರ್‌ಪಂಕ್' ಪದದ ಮಾದರಿಯಲ್ಲಿ ಅವರು ಇದನ್ನು ರೂಪಿಸಿದರು. ಜೂಲ್ಸ್ ವರ್ನ್ ಮತ್ತು ಎಚ್. ಜಿ. ವೆಲ್ಸ್ ಅವರ ಕೃತಿಗಳನ್ನು ಈ ಪ್ರಕಾರದ ಪೂರ್ವಜಗಳೆಂದು ಪರಿಗಣಿಸಲಾಗುತ್ತದೆ.

ಲಕ್ಷಣಗಳು

ಈ ಬಗೆಯ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಅಂಶಗಳು:

• ಶಕ್ತಿಯ ಮೂಲ: ಉಗಿ, ಕಲ್ಲಿದ್ದಲು ಅಥವಾ ಅವುಗಳ ಸ್ಥಾನದಲ್ಲಿರುವ ಕಲ್ಪಿತ ಇಂಧನ. ಯಂತ್ರದ ಭಾಗಗಳು ಹೊರಗೆ ಕಾಣುವಂತಿರುತ್ತವೆ.
• ಸಮಾಜ: ಕಾರ್ಖಾನೆ, ರೈಲು, ಪತ್ರಿಕೆ ಮತ್ತು ಕಾರ್ಮಿಕವರ್ಗವಿರುವ ನಗರ. ಸಾಂಪ್ರದಾಯಿಕ ಫ್ಯಾಂಟಸಿಯ ಕೋಟೆ, ಹಳ್ಳಿಗಳು ಹಿನ್ನೆಲೆಗೆ ಸರಿಯುತ್ತವೆ.
• ಮಂತ್ರವಿದ್ಯೆ: ಯಂತ್ರಕ್ಕೆ ಎದುರಾಗಿ, ಪೂರಕವಾಗಿ ಅಥವಾ ಅದರ ಕಚ್ಚಾವಸ್ತುವಾಗಿ ಇರುತ್ತದೆ.

ಯಂತ್ರ ಮತ್ತು ಮಂತ್ರದ ಸಂಬಂಧ

ಮೇಲಿನವುಗಳಲ್ಲಿ ಮೂರನೆಯ ಅಂಶವು ಗೇಮ್‌ನಿಂದ ಗೇಮ್‌ಗೆ ಬದಲಾಗುತ್ತದೆ. ಮುಖ್ಯವಾಗಿ ಮೂರು ಮಾದರಿಗಳನ್ನು ಗುರುತಿಸಬಹುದು.

ವಿರೋಧ: ಟ್ರಾಯ್ಕಾ ಗೇಮ್ಸ್ ಸಂಸ್ಥೆಯ 'ಆರ್ಕೇನಮ್: ಆಫ್ ಸ್ಟೀಮ್‌ವರ್ಕ್ಸ್ ಆ್ಯಂಡ್ ಮ್ಯಾಜಿಕ್ ಅಬ್ಸ್ಕ್ಯೂರಾ' (2001) ಈ ಮಾದರಿಯ ಸ್ಪಷ್ಟ ಉದಾಹರಣೆ. ಇದರ ಲೋಕದಲ್ಲಿ ಯಂತ್ರವು ಪ್ರಕೃತಿಯ ನಿಯಮಗಳನ್ನು ಅವಲಂಬಿಸುತ್ತದೆ, ಮಂತ್ರವು ಅದೇ ನಿಯಮಗಳನ್ನು ಬಾಗಿಸುತ್ತದೆ. ಆದ್ದರಿಂದ ಎರಡೂ ಒಂದನ್ನೊಂದು ಕೆಡಿಸುತ್ತವೆ. ಆಟಗಾರನು ಕಲಿಯುವ ಪ್ರತಿಯೊಂದು ಮಂತ್ರವೂ ಪಾತ್ರದ ಒಲವಿನ ಮಾಪಕವನ್ನು ಮಂತ್ರದ ಕಡೆಗೆ, ತಾಂತ್ರಿಕ ಕೌಶಲವು ಯಂತ್ರದ ಕಡೆಗೆ ತಳ್ಳುತ್ತದೆ. ಯಂತ್ರದತ್ತ ವಾಲಿದ ಪಾತ್ರಕ್ಕೆ ಗಾಯ ಮಾಯಿಸುವ ಮಂತ್ರವು ಸರಿಯಾಗಿ ಫಲಿಸದು. ಪ್ರಬಲ ಮಾಂತ್ರಿಕನಿಗೆ ರೈಲಿನಲ್ಲಿ ಪ್ರಯಾಣ ನಿರಾಕರಿಸಲಾಗುತ್ತದೆ. ಹೀಗೆ ಲೋಕದ ನಿಯಮವೇ ಆಟದ ನಿಯಮವೂ ಆಗುತ್ತದೆ. ಟ್ಯಾರೆಂಟ್ ನಗರದ ಕಾರ್ಖಾನೆಗಳಲ್ಲಿ ದುಡಿಯುವ ಓರ್ಕ್ ಕಾರ್ಮಿಕರ ಸ್ಥಿತಿಯೂ ಕಥೆಯ ಭಾಗವಾಗಿದೆ.

ಶೋಷಣೆ: ಸ್ಕ್ವೇರ್ ಸಂಸ್ಥೆಯ 'ಫೈನಲ್ ಫ್ಯಾಂಟಸಿ VI' (1994) ಕಥೆಯಲ್ಲಿ ಮಂತ್ರವಿದ್ಯೆ ಸಾವಿರ ವರ್ಷಗಳ ಹಿಂದಿನ ಯುದ್ಧದೊಂದಿಗೆ ಮರೆಯಾಗಿದೆ, ಅದರ ಸ್ಥಾನದಲ್ಲಿ ಕಬ್ಬಿಣ ಮತ್ತು ಉಗಿ ನೆಲೆಯೂರಿವೆ. ಸಾಮ್ರಾಜ್ಯವೊಂದು 'ಎಸ್ಪರ್' ಎಂಬ ಮಾಂತ್ರಿಕ ಜೀವಿಗಳನ್ನು ಸೆರೆಹಿಡಿದು, ಅವುಗಳ ಶಕ್ತಿಯನ್ನು ಹೀರಿ 'ಮ್ಯಾಜಿಟೆಕ್' ಎಂಬ ಯುದ್ಧಯಂತ್ರಗಳನ್ನು ನಡೆಸುತ್ತದೆ. ಆರ್ಕೇನ್ ಸ್ಟುಡಿಯೋಸ್‌ನ 'ಡಿಸ್‌ಆನರ್ಡ್' (2012) ಗೇಮ್‌ನಲ್ಲಿ ಉಗಿಯ ಸ್ಥಾನವನ್ನು ತಿಮಿಂಗಿಲದ ಎಣ್ಣೆ ಪಡೆದಿದೆ. ಡನ್‌ವಾಲ್ ನಗರದ ದೀಪ ಮತ್ತು ಆಯುಧಗಳಿಗೆ ಆ ಎಣ್ಣೆಯೇ ಇಂಧನ; ಮಾಂತ್ರಿಕ ಶಕ್ತಿಯುಳ್ಳ ತಾಯಿತಗಳನ್ನು ಕೆತ್ತುವುದೂ ತಿಮಿಂಗಿಲದ ಮೂಳೆಯಿಂದಲೇ. ಯಂತ್ರ, ಮಂತ್ರ ಎರಡಕ್ಕೂ ಬಲಿಯಾಗುವುದು ಒಂದೇ ಜೀವಿ.

ಸಹಕಾರ: ಸೆಗಾ ಸಂಸ್ಥೆಯ 'ಸಕುರಾ ವಾರ್ಸ್' (1996) ಜಪಾನಿನ ತೈಶೋ ಯುಗದ ಟೋಕಿಯೊವನ್ನು ಉಗಿಚಾಲಿತ ನಗರವನ್ನಾಗಿ ಕಲ್ಪಿಸುತ್ತದೆ. ಇಲ್ಲಿನ ಉಗಿಕವಚಗಳನ್ನು ನಡೆಸಲು ಚಾಲಕಿಯ ಆತ್ಮಶಕ್ತಿಯೂ ಬೇಕು. ವಿಕ್ಟೋರಿಯಾ ಕಾಲದ ಲಂಡನ್ನಿನ ಛಾಯೆಯಿಲ್ಲದೆಯೂ ಸ್ಟೀಮ್‌ಪಂಕ್ ಸಾಧ್ಯ ಎಂಬುದನ್ನು ಈ ಗೇಮ್ ತೋರಿಸುತ್ತದೆ.

ವ್ಯಾಪ್ತಿ ಮತ್ತು ಗಡಿ

ಮಂತ್ರವಿಲ್ಲದ ಸ್ಟೀಮ್‌ಪಂಕ್ ಗೇಮ್‌ಗಳೂ ಇವೆ. 'ಫ್ರಾಸ್ಟ್‌ಪಂಕ್' (2018) ಹಿಮಯುಗಕ್ಕೆ ಸಿಲುಕಿದ ಹತ್ತೊಂಬತ್ತನೆಯ ಶತಮಾನದಲ್ಲಿ, ಕಲ್ಲಿದ್ದಲಿನ ಬೃಹತ್ ಉಷ್ಣಯಂತ್ರದ ಸುತ್ತ ಬದುಕುವ ನಗರವೊಂದನ್ನು ನಿರ್ವಹಿಸುವ ಆಟ. ಅದು ಪರ್ಯಾಯ ಇತಿಹಾಸದ ಸಾಲಿಗೆ ಸೇರುತ್ತದೆ. ಇನ್ನೊಂದೆಡೆ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' (2004) ಗೇಮ್‌ನಲ್ಲಿ ನೋಮ್ ಮತ್ತು ಗಾಬ್ಲಿನ್ ಜನಾಂಗಗಳ ಯಂತ್ರಗಳಿದ್ದರೂ ಅವು ವಿಶಾಲ ಫ್ಯಾಂಟಸಿ ಲೋಕದ ಒಂದು ಅಂಶ ಮಾತ್ರ. ಉಗಿಯಂತ್ರಗಳನ್ನು ತೆಗೆದುಹಾಕಿದರೂ ಕಥೆ ಮತ್ತು ಆಟದ ನಿಯಮಗಳು ಬಹುಮಟ್ಟಿಗೆ ಹಾಗೆಯೇ ಉಳಿಯುವುದಾದರೆ ಅಲ್ಲಿ ಸ್ಟೀಮ್‌ಪಂಕ್ ಅಲಂಕಾರವಾಗಿರುತ್ತದೆ. ಅವುಗಳಿಲ್ಲದೆ 'ಆರ್ಕೇನಮ್' ಅಥವಾ 'ಫೈನಲ್ ಫ್ಯಾಂಟಸಿ VI' ಗೇಮ್‌ಗಳ ಮೂಲ ಸಂಘರ್ಷವೇ ಉಳಿಯುವುದಿಲ್ಲ.