ಆಸ್ರಿಗೆ ಕೇಳಿದರೆ

ವಾನಳ್ಳಿ ಕಡೆಯ ತೋಟದ ಮನೆಗಳಲ್ಲಿ ಮಕ್ಕಳು ಬೆಂಗಳೂರು ಸೇರಿದ ಮೇಲೆ ಹಿರಿಯರ ಜೊತೆ ಉಳಿಯುವವಳು ಹೋಮ್ ನರ್ಸ್. ಹೆಸರಿನಲ್ಲಿ ನರ್ಸ್ ಇದ್ದರೂ ತರಬೇತಿಯಿಲ್ಲದ ಇವರು 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. 2007ರ ಹಿರಿಯ ನಾಗರಿಕರ ಕಾಯ್ದೆ ಜೀವನಾಂಶದ ಹೊಣೆಯನ್ನು ಮಕ್ಕಳ ಮೇಲೆ ಹೊರಿಸಿತು, ಆರೈಕೆಯವಳ ಸುದ್ದಿ ಎತ್ತಲಿಲ್ಲ. ಮನೆ ಆರೈಕೆಯ ಸಂಸ್ಥೆಗಳು ನೋಂದಾಯಿಸಿಕೊಳ್ಳಬೇಕೆಂದ 2019ರ ತಿದ್ದುಪಡಿ ಮಸೂದೆ ಕಾಯ್ದೆಯಾಗಲೇ ಇಲ್ಲ.

ಜಪಾನ್ 2017ರಲ್ಲಿ ತನ್ನ ತರಬೇತಿ ಯೋಜನೆಗೆ ಹಿರಿಯರ ಆರೈಕೆಯನ್ನು ಸೇರಿಸಿದಾಗ, ಬರುವ ವಿದೇಶಿಯರಿಗೆ ಭಾಷಾ ಪರೀಕ್ಷೆಯನ್ನೂ ಇಟ್ಟಿತು. ನಮ್ಮಲ್ಲಿ ಕನ್ನಡದೊಳಗೇ ತೊಡಕು. ಮರೆವು ಹತ್ತಿದ ಅಜ್ಜಿ ಹವ್ಯಕ ಮಾತಿನಲ್ಲಿ ‘ಆಸ್ರಿಗೆ’ ಕೇಳುತ್ತಾಳೆ. ಕುಡಿಯಲು ಕೇಳುತ್ತಿದ್ದಾಳೆಂದು ಬಯಲುಸೀಮೆಯಿಂದ ಬಂದವಳಿಗೆ ತಿಳಿಯಬೇಕಾದರೆ ಬೆಂಗಳೂರಿನ ಮಗನಿಗೇ ಫೋನ್ ಮಾಡಬೇಕು.