ಜುಂಜಪ್ಪನ ಗಣೆ ಪದ

ಕಾಡುಗೊಲ್ಲ ಸಮುದಾಯದ ದನಗಾಹಿ ವೀರ ಜುಂಜಪ್ಪನ ಕತೆಯನ್ನು ಹಾಡುವ ಜನಪದ ಮಹಾಕಾವ್ಯ ಪರಂಪರೆ. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿ, ನೆರೆಯ ಶಿರಾ ಹಾಗೂ ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಗಳು ಇದರ ನೆಲೆ. ಶಿರಾ ತಾಲ್ಲೂಕಿನ ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಮುಖ್ಯ ಆರಾಧನಾ ಸ್ಥಳ.

ಗಣೆ ಎಂದರೆ ಉದ್ದನೆಯ ಬಿದಿರ ಕೊಳಲು. ಅದು ಬರಿಯ ವಾದ್ಯವಲ್ಲ, ದೇವರ ವಸ್ತು. ಗಾಯಕನೇ ವಾದಕನೂ ಆಗಿರುವುದರಿಂದ ಒಂದಷ್ಟು ಹೊತ್ತು ಊದಿ, ಕೊಳಲನ್ನು ತುಟಿಯಿಂದ ಸರಿಸಿ ಕತೆಯ ಒಂದು ತುಣುಕು ಹಾಡಿ, ಮತ್ತೆ ಊದುತ್ತಾನೆ. ಹೀಗೆ ಕತೆಗೆ ಸಿಗುವ ಬಿಡುವೇ ಈ ಗಾಯನದ ನಿಜವಾದ ಚೆಲುವು. ಜುಂಜಪ್ಪನ ಹೋರಿ ಬಡಮೈಲನಿಗೂ ಕತೆಯಲ್ಲಿ ನಾಯಕನಷ್ಟೇ ಗೌರವವಿದೆ.

ಇದೇ ಸಮುದಾಯದ ಹೆಣ್ಣುಮಕ್ಕಳ ಹಾಡುಗಳಿಗೆ ಹೆಸರಾದವರು ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ. ಓದುಬರಹ ಬಾರದ ಅವರಿಗೆ ಸಾವಿರಾರು ಪದಗಳು ಬಾಯಿಪಾಠವಿದ್ದವು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ನೀಡಿತು. ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ‘ಸಾವಿರದ ಸಿರಿ ಬೆಳಗು’ ಎಂದು ಸಂಪಾದಿಸಿದರು.

ದನಗಾಹಿಗಳ ಹಾಡು ಬೇರೆ ನಾಡುಗಳಲ್ಲೂ ಉಂಟು. ಅಮೆರಿಕದಲ್ಲಿ ಜಾನಪದ ಸಂಗ್ರಾಹಕ ಜಾನ್ ಲೊಮ್ಯಾಕ್ಸ್ 1910ರಲ್ಲಿ ದನಗಾಹಿಗಳ ಹಾಡುಗಳನ್ನು ಪುಸ್ತಕವಾಗಿ ತಂದ ಮೇಲೆ ಅಂಥ ಹಾಡುಗಳು ಜನಪ್ರಿಯ ಗಾಯಕರ ಧ್ವನಿಮುದ್ರಿಕೆಗಳಲ್ಲೂ ಮೆರೆದವು. ಆದರೆ ಗಣೆ ಪದಕ್ಕೆ ಇಂದಿಗೂ ಹಟ್ಟಿ, ಗುಡಿ, ಜಾತ್ರೆಗಳೇ ವೇದಿಕೆ.